ಬ್ಯಾಡಗಿ ಸೀಮೆಯ ನರಕ

ಬ್ಯಾಡಗಿ ಸೀಮೆಯ ಜನರ ಮುಂದೆ ನರಕದ ಬೆಂಕಿಯನ್ನು ವರ್ಣಿಸಿ ಗೆದ್ದ ಪ್ರಸಂಗಿಯನ್ನು ನಾನಂತೂ ಕಂಡಿಲ್ಲ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಲಕ್ಷಗಟ್ಟಲೆ ಚೀಲ ಬಂದು ಬೀಳುತ್ತದೆ. ಹೆದ್ದಾರಿಯ ಮೇಲಿರುವ ನಮ್ಮ ಮೋಟೆಬೆನ್ನೂರಿನಿಂದಲೂ ಹೆಂಗಸರು ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಕಾಯಿಯ ತೊಟ್ಟು ಮುರಿಯುವ ಕೆಲಸ ಅದು. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡರೂ ಕೆಮ್ಮು ನಿಲ್ಲುವುದಿಲ್ಲ, ಕಣ್ಣು ಕೆಂಡವಾಗುತ್ತದೆ, ರಾತ್ರಿ ಕೂಸನ್ನು ಮುಟ್ಟಬೇಕಾದರೆ ಕೈಗೆ ಎಷ್ಟು ಸಲ ಎಣ್ಣೆ ಹಚ್ಚಿ ತೊಳೆದರೂ ಉರಿ ಹೋಗುವುದಿಲ್ಲ. ಅಂಥವರನ್ನು ಕೂಡಿಸಿಕೊಂಡು ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಉಜ್ಜೀವನ ಕೂಟದಲ್ಲಿ ಬೆಂಕಿ, ಹೊಗೆ, ಗಂಧಕ, ಹಲ್ಲು ಕಡಿಯೋಣ ಎಂದು ಒಂದು ತಾಸು ಕೂಗಿದರು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ನಮ್ಮ ಅಜ್ಜಿಯ ಕಡೆ ಬಾಗಿ, “ಇದನ್ನ ನಾವು ದಿನಾ ನೋಡತೇವಲ್ಲ ಯಕ್ಕಾ, ಮ್ಯಾಲ ಕೂಲೀನೂ ಕೊಡ್ತಾರ” ಅಂದಳು. ಅಜ್ಜಿ ನಗು ತಡೆಯಲಾರದೆ ಕೀರ್ತನೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು.

ನಾವು ಬಾಸೆಲ್ ಮಿಶನ್ನಿನ ಕಡೆಯ ಕ್ರೈಸ್ತರು. ಅವ್ವ ಅಂದರೆ ತಾಯಿ, ಅಮ್ಮ ಅಂದರೆ ಅಜ್ಜಿ; ಅದು ನಮ್ಮ ಮನೆಯ ರೂಢಿ. ಅಮ್ಮನ ಕಬ್ಬಿಣದ ಟ್ರಂಕಿನಲ್ಲಿ ಬೈಬಲ್, ಕೀರ್ತನೆ ಪುಸ್ತಕ, ಮದುವೆಯ ಇಳಕಲ್ಲ ಸೀರೆಗಳ ನಡುವೆ ಹೃದಯದ ಚಿತ್ರಗಳಿದ್ದ ಒಂದು ತೆಳು ಪುಸ್ತಕ ಇತ್ತು. ಮುಖಪುಟ ಹೋಗಿ, ಅಂಚುಗಳನ್ನು ಇಲಿ ತಿಂದಿತ್ತು. ಯೋಹಾನ್ನೆಸ್ ಗೊಸ್ನರ್ ಎಂಬ ಜರ್ಮನ್ ಪಾದ್ರಿ 1812ರಲ್ಲಿ ಹೊರತಂದ ಪುಸ್ತಕದ ಸಂತಾನ ಅದು. ಈ ಗೊಸ್ನರೇ ಮುಂದೆ ಛೋಟಾನಾಗಪುರದ ರಾಂಚಿಗೆ ಮಿಶನರಿಗಳನ್ನು ಕಳಿಸಿದವನು. ಪುಸ್ತಕ ಮಾತ್ರ ಅವನಿಗಿಂತ ಹೆಚ್ಚು ಊರು ತಿರುಗಿ, ಲೋಕದ ಎಷ್ಟೋ ಭಾಷೆಗಳನ್ನು ಕಲಿಯಿತು.

ಅದರ ಮೊದಲ ಚಿತ್ರದಲ್ಲಿ ದೊಡ್ಡದೊಂದು ಹೃದಯ. ನಡುವೆ ಕೊಂಬಿನ ಸೈತಾನ, ಸುತ್ತ ಪ್ರಾಣಿಗಳು. ಗರ್ವಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಕೋಪಕ್ಕೆ ಹುಲಿ, ಮತ್ಸರಕ್ಕೆ ಹಾವು, ದುರಾಸೆಗೆ ಕಪ್ಪೆ, ಸೋಮಾರಿತನಕ್ಕೆ ಆಮೆ. ಪುಟ ತಿರುಗಿಸುತ್ತ ಹೋದರೆ ಪ್ರಾಣಿಗಳು ಒಂದೊಂದಾಗಿ ಹೊರಗೆ ಓಡುತ್ತವೆ, ಇನ್ನೊಂದು ಪುಟದಲ್ಲಿ ಮತ್ತೆ ಬಾಲ ಅಲ್ಲಾಡಿಸುತ್ತ ಒಳಗೆ ಬರುತ್ತವೆ. ಕೊನೆಯ ಕಡೆ ಪಾಪಿಯ ಮರಣಶಯ್ಯೆ. ಅಲ್ಲಿ ಬೆಂಕಿ, ಬಾಲಗಳು, ಸರಪಳಿ. ಮಧ್ಯಾಹ್ನ ಅಮ್ಮ ಮಲಗಿದಾಗ ಟ್ರಂಕು ತೆಗೆದು ನಾವು ನೋಡುತ್ತಿದ್ದದ್ದು ಆ ಪುಟವನ್ನೇ. ನೋಡಿ ಹೆದರಿ, ಹೆದರಿಕೆ ಇಳಿದ ಮೇಲೆ ಯಾರ ಹೃದಯದಲ್ಲಿ ಯಾವ ಪ್ರಾಣಿ ಎಂದು ಜಗಳಾಡುತ್ತಿದ್ದೆವು. ನನಗೆ ಆಮೆ ಬಂದಿತ್ತು, ಅದರ ಬಗ್ಗೆ ತಕರಾರಿಲ್ಲ. ನವಿಲನ್ನು ಯಾಕೆ ಪಾಪಿಗಳ ಲೆಕ್ಕಕ್ಕೆ ಸೇರಿಸಿದರೋ ಅದು ಮಾತ್ರ ತಿಳಿಯಲಿಲ್ಲ. ಬಂಕಾಪುರದ ಕೋಟೆಯ ಕಡೆ ನವಿಲಿನ ಹಿಂಡು ನೋಡಿದ ಮಕ್ಕಳು ನಾವು, ಒಬ್ಬರ ಮನಸ್ಸೂ ಒಪ್ಪಲಿಲ್ಲ.

ನರಕದ ಚಿತ್ರ ಊರಿಗೆ ಹೊಸದೇನೂ ಆಗಿರಲಿಲ್ಲ. ಗೆಳೆಯನೊಬ್ಬನ ಅಪ್ಪನ ಚಹಾದಂಗಡಿಯಲ್ಲಿ, ಜಾತ್ರೆಯಲ್ಲಿ ಕೊಂಡ ಯಮಲೋಕದ ಪಟ ತೂಗುತ್ತಿತ್ತು. ಕುದಿಯುವ ಎಣ್ಣೆಕೊಪ್ಪರಿಗೆ, ಗರಗಸ, ನಾಲಿಗೆ ಕೀಳುವ ಇಕ್ಕಳ, ಒಂದು ಬದಿಗೆ ಖಾತೆ ಬರೆಯುತ್ತ ಕೂತ ಚಿತ್ರಗುಪ್ತ. ಭಾಗವತದಲ್ಲಿ ಇಪ್ಪತ್ತೆಂಟು ನರಕಗಳ ಪಟ್ಟಿಯೇ ಇದೆ. ಜೈನರಲ್ಲಿ ಏಳು ನೆಲೆ, ಕೆಳಗಿನವು ಚಳಿಯಲ್ಲಿ ಮರಗಟ್ಟಿಸುವ ನರಕಗಳು. ಗೆಳೆಯನಿಗೆ ತಮ್ಮ ನರಕದ ಬಗ್ಗೆ ಅಭಿಮಾನ. ಒಂದು ದಿನ ಅವನು ತೀರ್ಪು ಕೊಟ್ಟುಬಿಟ್ಟ: “ನಮ್ಮದ್ರಾಗ ಶಿಕ್ಷಾ ಮುಗದ ಮ್ಯಾಲ ಬಿಟ್ಟು ಕಳಸ್ತಾರ, ಮತ್ತ ಹುಟ್ಟಿ ಬರಬೌದು. ನಿಮ್ಮದ್ರಾಗ ಬಿಡುಗಡೀನ ಇಲ್ಲಂತಲ್ಲೋ?” ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ದೇವತಾಶಾಸ್ತ್ರದ ದೊಡ್ಡ ದೊಡ್ಡ ಪಂಡಿತರೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ ಎಂದು ತಿಳಿದದ್ದು ಮುಂದೆ ಓದುತ್ತ ಹೋದಾಗ.

ಪ್ರಸಂಗಗಳಲ್ಲಿ ಕೇಳಿದಷ್ಟು ನರಕ ಬೈಬಲಿನಲ್ಲಿ ಸಿಗುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಂತೂ ಹುಡುಕಬೇಕು. ಅಲ್ಲಿರುವುದು ಪಾತಾಳ, ಸತ್ತವರೆಲ್ಲ ಇಳಿದು ಹೋಗುವ ಮಬ್ಬುಗತ್ತಲೆಯ ಜಾಗ. ಯೋಸೇಫ ಸತ್ತನೆಂದು ನಂಬಿದ ಮುದುಕ ಯಾಕೋಬ, ದುಃಖಪಡುತ್ತಲೇ ಮಗನಿದ್ದಲ್ಲಿಗೆ ತಾನೂ ಇಳಿದು ಹೋಗುತ್ತೇನೆ ಎಂದು ಅಳುತ್ತಾನೆ. ಅಪ್ಪ ಮಗ ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಅದೇ ಜಾಗ. ಪ್ರಸಂಗಿ ಎಂಬ ಪುಸ್ತಕ ಬರೆದವನಂತೂ ಸತ್ತವರಿಗೆ ಯಾವ ತಿಳಿವಳಿಕೆಯೂ ಇಲ್ಲ ಎಂದು ಮಾತು ಮುಗಿಸುತ್ತಾನೆ. ಸತ್ತವರಲ್ಲಿ ಕೆಲವರು ನಿತ್ಯಜೀವಕ್ಕೂ ಕೆಲವರು ನಿತ್ಯ ಅವಮಾನಕ್ಕೂ ಏಳುತ್ತಾರೆ ಎಂಬ ಮಾತು ಸ್ಪಷ್ಟವಾಗಿ ಕೇಳಿಸುವುದು ದಾನಿಯೇಲನ ಕೊನೆಯ ಅಧ್ಯಾಯದಲ್ಲಿ.

ಬೆಂಕಿಯ ನರಕಕ್ಕೆ ಮಾತ್ರ ಭೂಮಿಯ ಮೇಲೆ ವಿಳಾಸ ಇದೆ. ಯೆರೂಸಲೇಮಿನ ದಕ್ಷಿಣಕ್ಕೆ ಹಿನ್ನೋಮ್ ಎಂಬ ಕಣಿವೆ. ಆಹಾಜ, ಮನಸ್ಸೆ ಎಂಬ ಯೆಹೂದದ ಅರಸರು ಅಲ್ಲಿ ತಮ್ಮ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಟ್ಟರು. ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಯೋಷೀಯ ಅರಸ ಆ ಬಲಿಪೀಠವನ್ನು ಹೊಲೆಗೆಡಿಸಿ ನಿಲ್ಲಿಸಿದ. ಮಕ್ಕಳನ್ನು ಸುಟ್ಟ ಆ ಕಣಿವೆ ಹೆಣಗಳಿಂದ ತುಂಬುವ ದಿನ ಬರುತ್ತದೆ ಎಂದು ಪ್ರವಾದಿ ಯೆರೆಮೀಯ ಶಪಿಸಿದ. ಆ ಕಣಿವೆಯ ಹೆಸರೇ ಗೆಹೆನ್ನ ಎಂದಾಗಿ ಯೇಸುವಿನ ಬಾಯಿಗೆ ಬಂತು. ಯೇಸುವಿನ ಕಾಲಕ್ಕೆ ಅಲ್ಲಿ ಊರಿನ ಕಸ ಹಗಲುರಾತ್ರಿ ಉರಿಯುತ್ತಿತ್ತು ಎಂದು ಪ್ರಸಂಗಿಗಳು ಸೇರಿಸುವುದುಂಟು. ಈ ಕಸದ ಕತೆ ಮೊದಲು ಸಿಗುವುದು ಸುಮಾರು 1200ರ ಹೊತ್ತಿನ ದಾವೀದ್ ಕಿಮ್ಹಿ ಎಂಬ ಯೆಹೂದಿ ಪಂಡಿತನ ವ್ಯಾಖ್ಯಾನದಲ್ಲಿ. ಅಷ್ಟು ತಡವಾಗಿ ಬಂದ ಸಾಕ್ಷಿಯನ್ನು ಬ್ಯಾಡಗಿ ಕೋರ್ಟಿನಲ್ಲೂ ನಂಬಲಿಕ್ಕಿಲ್ಲ. ಮಕ್ಕಳನ್ನು ಸುಟ್ಟ ನೆಲ ಎಂಬುದೇ ಸಾಕು, ಕಸದ ಹೊಗೆ ಬೇಕಾಗಿಲ್ಲ. ಇವತ್ತು ಆ ಕಣಿವೆಯಲ್ಲಿ ಹುಲ್ಲುಹಾಸು, ಮೇಲುಗಡೆ ಒಂದು ಚಿತ್ರಮಂದಿರ.

ಗೆಹೆನ್ನದ ಹೆಸರು ಹೊಸ ಒಡಂಬಡಿಕೆಯಲ್ಲಿ ಬರುವುದು ಹನ್ನೆರಡೇ ಸಲ. ಹನ್ನೊಂದು ಯೇಸುವಿನ ಮಾತಿನಲ್ಲಿ, ಒಂದು ಯಾಕೋಬನ ಪತ್ರದಲ್ಲಿ. ಅದೂ ನಾಲಿಗೆಗೆ ಅಲ್ಲಿಂದ ಬೆಂಕಿ ಹತ್ತುತ್ತದೆ ಎಂದು ಚಾಡಿಕೋರರನ್ನು ಬೈಯುವಾಗ. ಊರೂರು ತಿರುಗಿ ಸಭೆ ಕಟ್ಟಿದ ಪೌಲ ತನ್ನ ಪತ್ರಗಳಲ್ಲಿ ಒಮ್ಮೆಯೂ ಆ ಹೆಸರೆತ್ತಲಿಲ್ಲ. ಪಾಪಕ್ಕೆ ಸಿಗುವ ಕೂಲಿಯಾಗಿ ಅವನು ಹೇಳಿದ್ದು ಸಾವನ್ನು. ಪ್ರಕಟನೆ ಪುಸ್ತಕದಲ್ಲಿ ಬೆಂಕಿಯ ಕೆರೆ ಇದೆ, ನಿಜ. ಆ ಕೆರೆಗೆ ಸಾವನ್ನೂ ಪಾತಾಳವನ್ನೂ ತಳ್ಳುತ್ತಾರೆ ಎಂಬುದನ್ನು ಪ್ರಸಂಗಿಗಳು ಬೇಗ ದಾಟಿಬಿಡುತ್ತಾರೆ. ಕೊಂಬು, ಈಟಿ, ಒಂದರ ಕೆಳಗೊಂದು ಸುತ್ತುಗಳು, ಇವುಗಳಲ್ಲಿ ಬಹುಪಾಲು ಡಾಂಟೆ ಮತ್ತು ಯುರೋಪಿನ ಚಿತ್ರಕಾರರು ಕೊಟ್ಟದ್ದು. ಡಾಂಟೆ ತನ್ನ ನರಕದಲ್ಲಿ ಪೋಪ್ ಒಬ್ಬನನ್ನು ತಲೆಕೆಳಗಾಗಿ ಹುಗಿದು, ಕಾವ್ಯದ ಕತೆ ನಡೆಯುವ ಕಾಲಕ್ಕೆ ಇನ್ನೂ ಬದುಕಿದ್ದ ಮತ್ತೊಬ್ಬ ಪೋಪನಿಗೆ ಜಾಗ ಕಾಯ್ದಿರಿಸಿಯೂ ಇಟ್ಟ. ಪ್ರಸಂಗಗಳ ನರಕ ನಮ್ಮ ಬ್ಯಾಡಗಿ ಕಾಯಿಯ ಹಾಗೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಬೈಬಲಿನ ಖಾರ ಬೇರೆ ಕಡೆ ಇದೆ, ಅದಕ್ಕೆ ಬರುತ್ತೇನೆ.

ಈ ಬಣ್ಣವನ್ನು ನಮ್ಮ ಕಡೆಗೆ ತಂದವರ ಋಣವನ್ನೂ ಹೇಳಬೇಕು. ಬಾಸೆಲಿನವರು 1834ರಲ್ಲಿ ಮಂಗಳೂರಿಗೆ ಬಂದು ಇಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ. ಸುವಾರ್ತೆ ಕೇಳದ ಕೋಟ್ಯಂತರ ಜನ ದಿನವೂ ನರಕಕ್ಕೆ ಬೀಳುತ್ತಿದ್ದಾರೆ ಎಂಬ ತಳಮಳ ಆ ಕಾಲದ ಮಿಶನರಿಗಳನ್ನು ಹಡಗು ಹತ್ತಿಸಿತ್ತು. ಬಂದವರಲ್ಲಿ ಹಲವರು ಜ್ವರ, ಕಾಲರಾ ತಗುಲಿ ಹರೆಯದಲ್ಲೇ ಮಣ್ಣಾದರು. ಉಳಿದವರಲ್ಲಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ. 1853ರಲ್ಲಿ ಬಂದ ಕಿಟೆಲ್, ಜನರನ್ನು ತಿದ್ದುವುದಕ್ಕಿಂತ ಹೆಚ್ಚು ಹೊತ್ತನ್ನು ಕನ್ನಡದ ಶಬ್ದಗಳ ಜೊತೆ ಕಳೆದು 1894ರಲ್ಲಿ ನಿಘಂಟು ಮುಗಿಸಿದ. ನರಕದ ಭಯದಿಂದ ಹೊರಟವರು ಕೊನೆಗೆ ನಮಗೆ ಪತ್ರಿಕೆ, ನಿಘಂಟು, ಮಂಗಳೂರು ಹಂಚು ಕೊಟ್ಟು ಹೋದರು. ಅವರು ಉಳಿಸಲು ಬಂದ ಆತ್ಮಗಳ ಲೆಕ್ಕ ದೇವರಿಗೆ ಗೊತ್ತು. ಹಂಚು ಮಾತ್ರ ಇನ್ನೂ ಸೋರುತ್ತಿಲ್ಲ.

ನಮ್ಮ ಮನೆತನ ಈ ಕತೆಯೊಳಗೆ ಬಂದದ್ದು ಉಪದೇಶದ ಬಾಗಿಲಿನಿಂದಲ್ಲ, ಹಸಿವಿನ ಬಾಗಿಲಿನಿಂದ. 1876ರಿಂದ 78ರವರೆಗೆ ಬಿದ್ದ ಬರವನ್ನು ಹಳಬರು ಧಾತು ಸಂವತ್ಸರದ ಬರ ಎನ್ನುತ್ತಿದ್ದರು. ಅಮ್ಮನ ಅಪ್ಪ ಆಗ ಐದಾರು ವರ್ಷದ ಹುಡುಗ. ಮನೆಯವರು ಒಬ್ಬೊಬ್ಬರಾಗಿ ದಾರಿಯಲ್ಲೇ ತೀರಿಕೊಂಡರಂತೆ. ಇವನೊಬ್ಬ ಮಿಶನ್ನಿನವರ ಕೈಗೆ ಸಿಕ್ಕ. ಬ್ರಿಟಿಷ್ ಸೀಮೆಯಲ್ಲೇ ಆ ಬರ 50 ಲಕ್ಷಕ್ಕೂ ಮೇಲೆ ಜನರನ್ನು ತಿಂದಿತು. ಅದೇ ಬರದ ನಡುವೆ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಹಿಂದುಸ್ತಾನದ ಚಕ್ರವರ್ತಿನಿ ಎಂದು ಸಾರಲು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿದ. ದಿನಗಟ್ಟಲೆ ಔತಣ. ಬರದ ಖರ್ಚು ಇಳಿಸಲು ದಕ್ಷಿಣಕ್ಕೆ ಬಂದ ರಿಚರ್ಡ್ ಟೆಂಪಲ್, ಪರಿಹಾರದ ಕೆಲಸದಲ್ಲಿ ಕಲ್ಲೊಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಎಂದು ಲೆಕ್ಕ ಹಾಕಿಕೊಟ್ಟ.

ಕೂಳಿಗಾಗಿ ಜಾತಿ ಬಿಟ್ಟವರು ಎಂದು ಯಾರಾದರೂ ಆಡಿಕೊಂಡರೆ ಅಮ್ಮ ಸಿಟ್ಟಾಗುತ್ತಿರಲಿಲ್ಲ. “ಹೌದು, ಹಸಿದಿದ್ದ, ಅವರು ಉಣ್ಣಾಕ ಹಾಕಿದ್ರು. ನೀವು ಹಾಕಿದ್ರ ನಿಮ್ಮ ದೇವರ ಹೆಸರಾ ಹೇಳತಿದ್ದ” ಎನ್ನುತ್ತಿದ್ದರು. ಇದಕ್ಕೆ ಉತ್ತರ ಕೊಟ್ಟವರನ್ನು ನಾನು ನೋಡಿಲ್ಲ.

ಓದಲು ಬರುತ್ತಿದ್ದ ಅಮ್ಮ ಬೈಬಲಿನಲ್ಲಿ ಮತ್ತೆ ಮತ್ತೆ ತೆಗೆಯುತ್ತಿದ್ದದ್ದು ಲೂಕನ 16ನೆಯ ಅಧ್ಯಾಯ. ಒಬ್ಬ ಐಶ್ವರ್ಯವಂತ. ಬೆಲೆಬಾಳುವ ಬಟ್ಟೆ, ದಿನಾ ಹಬ್ಬದೂಟ. ಅವನ ಬಾಗಿಲಲ್ಲಿ ಲಾಜರ ಎಂಬ ಭಿಕ್ಷುಕ, ಮೈಯೆಲ್ಲ ಹುಣ್ಣು, ನಾಯಿಗಳು ಬಂದು ನೆಕ್ಕುತ್ತವೆ. ಇಬ್ಬರೂ ಸಾಯುತ್ತಾರೆ. ಲಾಜರ ಅಬ್ರಹಾಮನ ಎದೆಗೆ, ಐಶ್ವರ್ಯವಂತ ಉರಿಗೆ. ಯೇಸು ಹೇಳಿದ ಸಾಮ್ಯಗಳಲ್ಲಿ, ಅಬ್ರಹಾಮನನ್ನು ಬಿಟ್ಟರೆ, ಹೆಸರು ಪಡೆದ ಪಾತ್ರ ಈ ಭಿಕ್ಷುಕ ಒಬ್ಬನೇ; ಸಾಹುಕಾರನಿಗೆ ಹೆಸರಿಲ್ಲ. ಅವನು ಕೊಂದನೆಂದಾಗಲಿ, ಕದ್ದನೆಂದಾಗಲಿ, ವಿಗ್ರಹಕ್ಕೆ ಕೈಮುಗಿದನೆಂದಾಗಲಿ ಕತೆಯಲ್ಲಿ ಒಂದು ಮಾತೂ ಇಲ್ಲ. ಉಂಡ, ಬಾಗಿಲಲ್ಲಿದ್ದವನನ್ನು ನೋಡಲಿಲ್ಲ, ಅಷ್ಟೇ. ಉರಿಯಲ್ಲಿದ್ದರೂ ಅವನ ದೌಲತ್ತು ಇಳಿದಿಲ್ಲ. ಲಾಜರನನ್ನು ಕಳಿಸಿ ನಾಲಿಗೆಗೆ ನೀರು ಮುಟ್ಟಿಸು, ಲಾಜರನನ್ನು ನಮ್ಮ ಮನೆಗೆ ಕಳಿಸಿ ಅಣ್ಣತಮ್ಮಂದಿರಿಗೆ ಬುದ್ಧಿ ಹೇಳಿಸು ಎಂದು ಅಬ್ರಹಾಮನಿಗೆ ಹೇಳುತ್ತಾನೆ. “ನೋಡು, ಸತ್ತ ಮ್ಯಾಲೂ ಅವಂಗ ಆಳು ಬೇಕು” ಎಂದು ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಬರದಲ್ಲಿ ಬದುಕಿ ಉಳಿದವನ ಮಗಳು ಆ ಅಧ್ಯಾಯವನ್ನು ಹಾಗಲ್ಲದೆ ಬೇರೆ ಹೇಗೆ ಓದಬೇಕು?

ಮತ್ತಾಯನ 25ನೆಯ ಅಧ್ಯಾಯದ ತೀರ್ಪಿನ ದಿನವೂ ಹಾಗೆಯೇ. ಕುರುಬ ಕುರಿ ಆಡುಗಳನ್ನು ಬೇರೆ ಮಾಡಿದ ಹಾಗೆ ಜನರನ್ನು ಬೇರೆ ಮಾಡಿ, ಕೇಳುವುದು ಹಸಿದವನಿಗೆ ಉಣ್ಣಲಿಕ್ಕೆ ಕೊಟ್ಟೆಯಾ, ಬತ್ತಲೆ ಇದ್ದವನಿಗೆ ಬಟ್ಟೆ ಕೊಟ್ಟೆಯಾ, ಜೇಲಿನಲ್ಲಿದ್ದವನನ್ನು ನೋಡಲು ಹೋದೆಯಾ ಎಂದು. ಯಾವ ಸಭೆಯವನು, ಯಾವಾಗ ದೀಕ್ಷಾಸ್ನಾನ ಆಯಿತು ಎಂಬ ಪ್ರಶ್ನೆ ಅಲ್ಲಿ ಇಲ್ಲ. ನಂಬಿಕೆಯ ಮಾತು ಬೈಬಲಿನಲ್ಲಿ ಬೇರೆ ಕಡೆ ಧಾರಾಳವಾಗಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಂಕಿಗೆ ಹೋಗುವವರನ್ನು ಯೇಸು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ ಈ ಎರಡು ಕಡೆಯೂ ತಪ್ಪು ಬಾಗಿಲ ಬಳಿ ನಡೆದಿದೆ.

ಉಜ್ಜೀವನ ಕೂಟದ ಆ ಪ್ರಸಂಗಿ ಕೊನೆಯ ರಾತ್ರಿ ಒಂದು ಹೆಜ್ಜೆ ಮುಂದೆ ಹೋದರು. ಕ್ರಿಸ್ತನನ್ನು ಸ್ವೀಕರಿಸದೆ ಈ ಊರಿನಲ್ಲಿ ಸತ್ತವರೆಲ್ಲ ಈಗ ಎಲ್ಲಿದ್ದಾರೆ ಗೊತ್ತೇ ಎಂದು ಕೇಳಿ, ತಾವೇ ಉತ್ತರವನ್ನೂ ಕೊಟ್ಟರು. ಮರುದಿನ ನಮ್ಮ ಸಭಾಪಾಲಕರು ಮನೆಗೆ ಬಂದಾಗ ಅಮ್ಮ ಚಹಾ ಕೊಟ್ಟು ಎದುರಿಗೆ ಕೂತರು.

“ಅಯ್ಯನೋರ, ಮಹಾದೇವಪ್ಪ ನರಕದಾಗ ಅದಾನೇನ್ರಿ?”

ಯಾವ ಮಹಾದೇವಪ್ಪ ಎಂದು ಮೋಟೆಬೆನ್ನೂರಿನಲ್ಲಿ ಯಾರೂ ಕೇಳುವುದಿಲ್ಲ. ಮೈಲಾರ ಮಹಾದೇವಪ್ಪನವರು ಇದೇ ಊರಲ್ಲಿ 1911ರಲ್ಲಿ ಹುಟ್ಟಿದವರು, ಅಮ್ಮನ ಓರಗೆಯವರು. 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಗೆ ನಡೆದವರಲ್ಲಿ ಕರ್ನಾಟಕದಿಂದ ಇದ್ದ ಒಬ್ಬರೇ ಒಬ್ಬರು. ಹೆಂಡತಿ ಸಿದ್ದಮ್ಮನವರೂ ಸ್ವಾತಂತ್ರ್ಯ ಚಳವಳಿಗೆ ಇಳಿದು ಜೇಲಿಗೆ ಹೋದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣಕ್ಕೆ ಕೈಹಾಕಿದಾಗ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ. ಹಾವೇರಿ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪನವರದೇ ಹೆಸರು.

ಸಭಾಪಾಲಕರು ಚಹಾದ ಬಸಿ ಕೆಳಗಿಟ್ಟರು. ಅವರು ಪ್ರಾಮಾಣಿಕ ಮನುಷ್ಯ, ಹಾರಿಕೆಯ ಉತ್ತರ ಕೊಡಲಿಲ್ಲ. ಧರ್ಮಶಾಸ್ತ್ರ ಕೈಗೆ ಸಿಗದ ಜನರ ಎದೆಯಲ್ಲೇ ಧರ್ಮ ಬರೆದಿರುತ್ತದೆ, ಅವರ ಮನಸ್ಸಾಕ್ಷಿಯೇ ಅವರಿಗೆ ಸಾಕ್ಷಿ ಎಂದು ಪೌಲ ರೋಮಾಪುರದವರಿಗೆ ಬರೆದದ್ದನ್ನು ತೆಗೆದರು. ಆಮೇಲೆ ಅಬ್ರಹಾಮನ ಕತೆ. ಸೊದೋಮ್ ಪಟ್ಟಣವನ್ನು ಸುಡಲು ಹೊರಟ ದೇವರನ್ನು ಅಡ್ಡಗಟ್ಟಿ, ಐವತ್ತು ಮಂದಿ ನೀತಿವಂತರಿದ್ದರೆ ಉಳಿಸುತ್ತೀಯಾ ಎಂದು ಶುರುಮಾಡಿ, ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು ಎಂದು ಇಳಿಸುತ್ತ ಅವನು ಹತ್ತಕ್ಕೆ ಬಂದು ನಿಂತ. ಪ್ರತಿ ಸಲವೂ ದೇವರು ಒಪ್ಪಿದ. ಲೋಕಕ್ಕೆಲ್ಲ ನ್ಯಾಯ ಹೇಳುವವನು ತಾನೇ ಅನ್ಯಾಯ ಮಾಡುತ್ತಾನೆಯೇ ಎಂಬುದು ಅಬ್ರಹಾಮನ ವಾದ. “ನಾವೂ ಅದನ್ನೇ ಹಿಡಿದುಕೊಂಡು ಕೂತಿದ್ದೇವೆ ಅಮ್ಮಾ, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ” ಎಂದರು ಸಭಾಪಾಲಕರು.

ಅಮ್ಮನಿಗೆ ಸಮಾಧಾನವಾಯಿತು, ಪೂರ್ತಿ ಅಲ್ಲ. “ಹತ್ತಕ್ಕ ಯಾಕ ಬಿಟ್ಟಾ ಅಬ್ರಹಾಮ? ಅವರು ಕೊಡಾಕ ತಯಾರಿದ್ರು, ಇನ್ನಷ್ಟು ಇಳಸಬೇಕಾಗಿತ್ತು” ಅಂದರು. ಸಂತೆಯಲ್ಲಿ ಬೆಲೆ ಇಳಿಸದೆ ಅಮ್ಮ ಕೊತ್ತಂಬರಿ ಸಿವುಡನ್ನೂ ಕೊಂಡವರಲ್ಲ.

ಅಮ್ಮನ ಪ್ರಶ್ನೆ ಹಳೆಯದು. ಮೂರನೆಯ ಶತಮಾನದ ಓರಿಗೆನ್, ಕೊನೆಗೊಂದು ದಿನ ದೇವರು ಎಲ್ಲರನ್ನೂ ತನ್ನ ಕಡೆ ತಂದುಕೊಳ್ಳುತ್ತಾನೆ ಎಂದು ಆಶಿಸಿದ. ಆಗಸ್ಟೀನ್ ಒಪ್ಪಲಿಲ್ಲ; ‘ದೇವರ ನಗರ’ ಎಂಬ ತನ್ನ ದೊಡ್ಡ ಗ್ರಂಥದಲ್ಲಿ ಒಂದು ಭಾಗವನ್ನೇ ಶಿಕ್ಷೆಗೆ ಕೊನೆಯಿಲ್ಲ ಎಂದು ಸಾಧಿಸಲು ಬಳಸಿದ. ಪಶ್ಚಿಮದ ಸಭೆ ಅವನ ಹಿಂದೆ ಹೋಯಿತು, ಅದರ ಹಿಂದೆ ಬಾಸೆಲಿನವರು, ಅವರ ಹಿಂದೆ ನಾವು. ಮೂರನೆಯ ಪಂಗಡವೂ ಇದೆ. ಆತ್ಮ, ದೇಹ ಎರಡನ್ನೂ ನರಕದಲ್ಲಿ ನಾಶಮಾಡಬಲ್ಲವನಿಗೆ ಹೆದರಿ ಎಂದು ಯೇಸು ಹೇಳಿದ್ದರಿಂದ, ಪಾಪಿ ಕೊನೆಗೆ ಇಲ್ಲವಾಗಿ ಹೋಗುತ್ತಾನೆ, ಎಂದೆಂದೂ ಬೇಯುತ್ತ ಕೂರುವುದಿಲ್ಲ ಎನ್ನುವವರು. ಸುವಾರ್ತಿಕರ ನಡುವೆ ಬಹಳ ಗೌರವ ಪಡೆದಿದ್ದ ಇಂಗ್ಲೆಂಡಿನ ಜಾನ್ ಸ್ಟಾಟ್ 1988ರಲ್ಲಿ ಅಳುಕುತ್ತಲೇ ಈ ಕಡೆಗೆ ವಾಲಿದಾಗ ದೊಡ್ಡ ಗದ್ದಲವಾಯಿತು. ಸುವಾರ್ತೆ ತಿಳಿಯದೆ ಮನಸ್ಸಾಕ್ಷಿಯಂತೆ ಬಾಳಿದವರಿಗೂ ರಕ್ಷಣೆ ಸಿಗಬಹುದು ಎಂದು ಕೆಥೊಲಿಕ್ ಸಭೆ 1964ರಲ್ಲೇ ವ್ಯಾಟಿಕನ್ ಮಹಾಸಭೆಯಲ್ಲಿ ಬರೆದಿಟ್ಟಿತ್ತು. ಅದೇ ಸಭೆ ಸಾವಿರಾರು ಜನರನ್ನು ಸಂತರೆಂದು ಸಾರಿದೆ. ಇಂಥವನು ನರಕದಲ್ಲಿದ್ದಾನೆ ಎಂದು ಒಬ್ಬನ ಹೆಸರನ್ನೂ ಈವರೆಗೆ ಸಾರಿಲ್ಲ.

ನರಕವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1877ರ ದರ್ಬಾರಿನ ಔತಣ, ಅದೇ ವರ್ಷ ನಮ್ಮ ದಾರಿಗಳಲ್ಲಿ ಬಿದ್ದ ಹೆಣಗಳು, ಇವೆರಡಕ್ಕೂ ಎಲ್ಲಿಯೂ ಲೆಕ್ಕವೇ ಇಲ್ಲ ಎನ್ನುವುದಾದರೆ ಅಮ್ಮನ ಅಪ್ಪನಿಗೆ ನಾನು ಏನು ಹೇಳಲಿ? ಲೆಕ್ಕ ಇರಬೇಕು. ಆ ಲೆಕ್ಕದ ಪುಸ್ತಕ ಪ್ರಸಂಗಿಗಳ ಕೈಯಲ್ಲಿ ಇಲ್ಲ, ಅಷ್ಟೇ ನನ್ನ ತಕರಾರು.

ಹೆದ್ದಾರಿಯ ಗೋಡೆಗಳ ಮೇಲೆ ಪಾಪ, ಬೆಂಕಿ, ತೀರ್ಪು ಎಂದು ಬಣ್ಣದಲ್ಲಿ ಬರೆದದ್ದನ್ನು ನೀವೂ ಓದಿರುತ್ತೀರಿ. ಯಾರಾದರೂ ಅದರ ಬಗ್ಗೆ ಹೆದರಿಸಲು ಬಂದರೆ ಜಗಳಕ್ಕೆ ಇಳಿಯಬೇಡಿ. ಕ್ರೈಸ್ತರ ಮನೆ ಹತ್ತಿರವಿದ್ದರೆ ಬೈಬಲು ಇಸಿದುಕೊಂಡು ಲೂಕನ 16ನೆಯ ಅಧ್ಯಾಯ, 19ರಿಂದ 31ರವರೆಗೆ ಓದಿ. ಹದಿಮೂರೇ ವಚನ, ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಹೆದರಿಸಲು ಬಂದವರಿಗೂ ಓದಲು ಕೊಡಿ.